ಗೂಸ್‌ಬೆರಿ ಪೈ ಮತ್ತು ಆರು ಗುರುವಾರಗಳು

ಶಾಲೆ ಹಾಗೂ ಸಾರ್ವಜನಿಕ ಗ್ರಂಥಾಲಯಗಳಿಗೆ ಅಂತರ್ಜಾಲ ರಿಯಾಯಿತಿ ಮಂಜೂರು ಮಾಡುವ ಕಚೇರಿಯ ಮುಖ್ಯ ಪರಿಶೀಲನಾಧಿಕಾರಿಗಳಿಗೆ

ಮಾನ್ಯರೇ,

ಒಂದು ಗೂಸ್‌ಬೆರಿ ಪೈಗಾಗಿ ನೀವು ನಮ್ಮ ಊರಿನ ಅಂತರ್ಜಾಲವನ್ನು ಕಿತ್ತುಕೊಂಡಿದ್ದೀರಿ. ಪೀಠಿಕೆ ಹಾಕಿ, ಕ್ಷೇಮಸಮಾಚಾರ ವಿಚಾರಿಸಿ, ಆಮೇಲೆ ಮೆಲ್ಲಗೆ ವಿಷಯಕ್ಕೆ ಬರುವಷ್ಟು ಸಂಯಮ ನನ್ನಲ್ಲಿ ಉಳಿದಿಲ್ಲ. ಏಳು ತಿಂಗಳಲ್ಲಿ ನಿಮಗೆ ನಾಲ್ಕು ಪತ್ರ ಬರೆದಿದ್ದೇನೆ. ನಾಲ್ಕಕ್ಕೂ ಒಂದೇ ಉತ್ತರ: 'ತಮ್ಮ ಮೇಲ್ಮನವಿ ಪರಿಶೀಲನೆಯಲ್ಲಿದೆ.' ನಾಲ್ಕನೆಯ ಉತ್ತರದ ಲಕೋಟೆಯ ಮೇಲಿದ್ದ ಅಂಚೆ ಮೊಹರು ನೋಡಿದರೆ, ನನ್ನ ಪತ್ರ ನಿಮ್ಮ ಕಚೇರಿ ಮುಟ್ಟುವ ಮೊದಲೇ ಅದು ಹೊರಟಿತ್ತು. ಓದದೆಯೇ ಉತ್ತರಿಸುವ ಈ ವಿದ್ಯೆ ಇಪ್ಪತ್ತೇಳು ವರ್ಷ ಗ್ರಂಥಾಲಯ ನಡೆಸಿದ ನನಗೂ ಸಿದ್ಧಿಸಿಲ್ಲ. ಆದ್ದರಿಂದ ಐದನೆಯ ಪತ್ರವನ್ನು ನಮ್ಮ ಕೌಂಟಿಯ ವಾರಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದೇನೆ. ನೀವು ಓದದಿದ್ದರೂ ಯಾರಾದರೂ ಓದಲಿ.

ನಾನು ಮಿಸೌರಿಯ ದಕ್ಷಿಣಕ್ಕಿರುವ ಓಝಾರ್ಕ್ ಬೆಟ್ಟಗಳ ನಡುವಿನ ಸೀಡರ್ ಲಿಕ್ ಎಂಬ ಊರಿನ ಗ್ರಂಥಪಾಲಕಿ. ನಮ್ಮ ಗ್ರಂಥಾಲಯ ಹಿಂದೆ ದನದ ಮೇವಿನ ಅಂಗಡಿಯಾಗಿತ್ತು. ಬೇಸಿಗೆಯಲ್ಲಿ ಈಗಲೂ ಹತ್ತಿಬೀಜದ ಹಿಂಡಿಯ ವಾಸನೆ ಬರುತ್ತದೆ. ಬೆಟ್ಟದ ಸಂದಿಯ ಮನೆಗಳಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಕೆಲಸ ಕಳೆದುಕೊಂಡವರು ಭತ್ಯೆಗೆ ವಾರವಾರ ಅರ್ಜಿ ತುಂಬುವುದು, ಮಕ್ಕಳು ಹೋಮ್‌ವರ್ಕ್ ಕಳಿಸುವುದು, ವೈದ್ಯರಿಗೆ ಮುಖ ತೋರಿಸುವುದು, ನ್ಯಾಯಾಲಯಕ್ಕೆ ಹಾಜರಾಗುವುದು ಎಲ್ಲವೂ ನಮ್ಮ ಆರು ಕಂಪ್ಯೂಟರುಗಳ ಮುಂದೆ. ಇವೆಲ್ಲವೂ ಇನ್ನು ಮುಂದೆ ಅಂತರ್ಜಾಲದಲ್ಲೇ ಆಗತಕ್ಕದ್ದು ಎಂದು ಅಪ್ಪಣೆ ಮಾಡಿದ್ದು ಸರಕಾರ. ಅಪ್ಪಣೆ ಮಾಡಿದವರೇ ದಾರಿಯನ್ನೂ ಮಾಡಿಕೊಡಬೇಕಲ್ಲ ಎಂದು ಯಾರೋ ಪುಣ್ಯಾತ್ಮರು ಯೋಚಿಸಿದ್ದರಿಂದಲೇ ನಿಮ್ಮ ರಿಯಾಯಿತಿ ಯೋಜನೆ ಹುಟ್ಟಿದ್ದು. ಯೋಜನೆಯ ಬಗ್ಗೆ ನನಗೆ ತಕರಾರಿಲ್ಲ. ಅದು ಒಳ್ಳೆಯ ಯೋಜನೆ. ಅದನ್ನು ನಂಬಿಯೇ ನಾವು ಕೆಟ್ಟದ್ದು.

ಊರಿನ ಬಡತನವನ್ನು ಅಳೆಯಲು ನೀವು ಒಂದು ಸೇರು ಇಟ್ಟುಕೊಂಡಿದ್ದೀರಿ. ಆ ಊರಿನ ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಉಚಿತ ಊಟ ಎನ್ನುವುದೇ ಆ ಸೇರು. ಮಕ್ಕಳ ಮನೆಯವರು ಶಾಲೆಯಿಂದ ಬಂದ ಊಟದ ಫಾರ್ಮಿನಲ್ಲಿ ತಮ್ಮ ಆದಾಯ ಬರೆದು ರುಜು ಹಾಕಬೇಕು. ಹೆಚ್ಚು ರುಜು ಬಿದ್ದರೆ ಬಡ ಊರು, ಹೆಚ್ಚು ರಿಯಾಯಿತಿ. ಕಡಿಮೆ ಬಿದ್ದರೆ ಸುಖವಾಗಿರುವ ಊರು, ಕಡಿಮೆ ರಿಯಾಯಿತಿ. ಲೆಕ್ಕ ಬಹಳ ಚೆನ್ನಾಗಿದೆ. ಅದರಲ್ಲಿ ಒಂದೇ ಒಂದು ಕುಂದು: ಓಝಾರ್ಕ್ ಬೆಟ್ಟದ ಜನ ಬಡವರಾಗಿರಬಲ್ಲರು, ಆದರೆ ಬಡವರೆಂದು ರುಜು ಹಾಕಲಾರರು.

ನಮ್ಮಲ್ಲಿ ಹಂಗು ಎನ್ನುವುದು ಕಾಯಿಲೆಗಿಂತ ಕೆಟ್ಟದ್ದು. ಪಕ್ಕದ ಮನೆಯವರು ಒಂದು ಬುಟ್ಟಿ ಟೊಮೇಟೊ ಕೊಟ್ಟರೆ ಅವರ ಬುಟ್ಟಿಯನ್ನು ಖಾಲಿ ವಾಪಸ್ಸು ಕಳಿಸಿದವರಿಲ್ಲ. ನಾನು ಚಿಕ್ಕವಳಿದ್ದಾಗ ಶಾಲೆಯಲ್ಲಿ ದುಡ್ಡು ಕೊಟ್ಟು ಉಣ್ಣುವವರಿಗೆ ಹಳದಿ ಚೀಟಿ, ಬಿಟ್ಟಿ ಊಟದವರಿಗೆ ನೀಲಿ ಚೀಟಿ ಕೊಡುತ್ತಿದ್ದರು. ನನ್ನ ಅಪ್ಪ ಮರದ ಮಿಲ್ಲಿನಲ್ಲಿ ಎರಡು ಬೆರಳು ಕಳೆದುಕೊಂಡು ಮನೆಯಲ್ಲಿ ಕೂತಿದ್ದ ವರ್ಷ ನನಗೆ ನೀಲಿ ಚೀಟಿ ಸಿಗಬೇಕಾಗಿತ್ತು. ಅಮ್ಮ ಜುಲೈ ತಿಂಗಳಿಡೀ ಮುಳ್ಳುಪೊದೆಗಳಲ್ಲಿ ಬ್ಲ್ಯಾಕ್‌ಬೆರಿ ಕಿತ್ತು, ಕೈಯೆಲ್ಲ ಗೀರಿಸಿಕೊಂಡು, ಹೆದ್ದಾರಿಯಲ್ಲಿ ಮಾರಿ ನನಗೆ ಹಳದಿ ಚೀಟಿ ಕೊಡಿಸಿದಳು. ಆ ಚೀಟಿ ಹಿಡಿದು ಸಾಲಿನಲ್ಲಿ ನಿಂತಾಗ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ನೀಲಿ ಚೀಟಿಯವರ ಮುಖ ನೋಡದೆ ಮುಂದೆ ಹೋಗಿದ್ದೆ. ಅದನ್ನು ನೆನೆದರೆ ಇಂದು ನಾಚಿಕೆಯಾಗುತ್ತದೆ. ಆದರೆ ಹಾಗೆ ಬೆಳೆದವಳು ನಾನೊಬ್ಬಳೇ ಅಲ್ಲ, ಇಡೀ ಊರೇ ಹಾಗೆ ಬೆಳೆದಿದೆ. ಈಗ ಚೀಟಿಗಳಿಲ್ಲ, ಯಾರು ಬಿಟ್ಟಿ ಯಾರು ದುಡ್ಡಿನವರು ಎಂದು ಯಾರಿಗೂ ತಿಳಿಯುವುದಿಲ್ಲ. ಆದರೂ ರುಜು ಹಾಕುವವನಿಗೆ ತಿಳಿಯುತ್ತದಲ್ಲ!

ಎರಡು ವರ್ಷದ ಹಿಂದೆ ರುಜುಗಳು ಇಳಿದು, ನಮ್ಮ ರಿಯಾಯಿತಿಯೂ ಇಳಿಯಿತು. ಮರದ ಮಿಲ್ಲು ಮುಚ್ಚಿದ ವರ್ಷವೇ ನಿಮ್ಮ ಕಡತದಲ್ಲಿ ನಾವು ಸಿರಿವಂತರಾದೆವು. ನಾನು ಗ್ರಂಥಾಲಯಕ್ಕೆ ಬಂದವರನ್ನೆಲ್ಲ ಹಿಡಿದು ಫಾರ್ಮು ತುಂಬಿ ಎಂದು ಬೇಡಿಕೊಂಡೆ. ಅವರಲ್ಲಿ ಹೋಬರ್ಟ್ ಮ್ಯಾಗರ್ಡ್ ಒಬ್ಬರು. ಎಪ್ಪತ್ತೊಂದು ವರ್ಷ, ಮಿಲ್ಲಿನಲ್ಲಿ ನಲವತ್ತು ವರ್ಷ ದುಡಿದವರು, ಎರಡೂ ಕಣ್ಣಿಗೆ ಪೊರೆ ಬಂದು ಕಾರು ಓಡಿಸುವುದನ್ನು ಬಿಟ್ಟವರು. ಮಗಳು ಮಾತ್ರೆಗಳ ಚಟಕ್ಕೆ ಬಿದ್ದು ಮನೆ ಬಿಟ್ಟುಹೋದ ಮೇಲೆ ಮೊಮ್ಮಗಳು ರೇಲಿನ್‌ಳನ್ನು ಒಬ್ಬರೇ ಸಾಕುತ್ತಿದ್ದರು. ಆ ಹುಡುಗಿಗೆ ಈಗ ಒಂಬತ್ತು ವರ್ಷ. ಶಾಲೆ ಬಿಟ್ಟ ಮೇಲೆ ನೇರ ನನ್ನಲ್ಲಿಗೆ ಬಂದು, ಗುಹೆಗಳ ಬಗೆಗಿನ ಒಂದು ಚಿತ್ರಪುಸ್ತಕ ತೆಗೆದುಕೊಂಡು ಕಿಟಕಿಯ ಕೆಳಗೆ ಕೂರುತ್ತಿದ್ದಳು. ಆ ಒಂದೇ ಪುಸ್ತಕವನ್ನು ಹನ್ನೊಂದು ಸಲ ತೆಗೆದುಕೊಂಡಿದ್ದಾಳೆ.

ನಾನು ಫಾರ್ಮು ಮುಂದಿಟ್ಟಾಗ ಹೋಬರ್ಟ್ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಮಡಚಿ, ನನ್ನ ಮೇಜಿನ ಮೇಲೆಯೇ ಇಟ್ಟರು.

"ಏನ್ ಓಲೀಟಾ, ನನ್ ಮೊಮ್ಮಗಳಿಗೆ ಒಂದೊತ್ತು ಊಟ ಹಾಕೋಕೂ ನನ್ ಕೈಲಾಗಲ್ಲ ಅಂತ ಬರ್ದು ರುಜು ಮಾಡ್ಬೇಕಾ?"

"ಊಟದ ಮಾತಲ್ಲ ಹೋಬರ್ಟ್. ನೀವು ರುಜು ಹಾಕಿದ್ರೆ ಲೈಬ್ರರಿಗೆ ರಿಯಾಯಿತಿ ಜಾಸ್ತಿ ಬರುತ್ತೆ."

"ಓಹೋ. ನಾನು ತಿರುಪೆ ಎತ್ತಿದ್ರೆ ನಿನ್ ಲೈಬ್ರರಿ ಉದ್ಧಾರ ಆಗುತ್ತೆ ಅನ್ನು."

"ಅಯ್ಯೋ, ಹಂಗಲ್ಲ..."

"ಹಂಗಲ್ದೆ ಇನ್ನೇನು? ಹಂಗು ಅಂದ್ರೆ ಹಂಗೇ! ಲೈಬ್ರರಿಗೆ ದುಡ್ಡು ಕಮ್ಮಿ ಬಿದ್ರೆ ಹೇಳು, ಪೈ ಸಪ್ಪರ್ ಮಾಡೋಣ. ನಮ್ದು ನಾವೇ ನೋಡ್ಕೊಳ್ಳೋಣ."

ಅಲ್ಲಿಂದ ಶುರುವಾಯಿತು ನಮ್ಮ ಅಪರಾಧ. ಪೈ ಸಪ್ಪರ್ ಎಂದರೇನೆಂದು ನಿಮ್ಮ ಕಚೇರಿಯಲ್ಲಿ ಯಾರಿಗೂ ತಿಳಿಯದೆಂದು ನಿಮ್ಮ ಆದೇಶ ಓದಿದಾಗಲೇ ಗೊತ್ತಾಯಿತು, ಆದ್ದರಿಂದ ಹೇಳುತ್ತೇನೆ. ಊರಿನ ಶಾಲೆಗೋ ಅಗ್ನಿಶಾಮಕ ಗಾಡಿಗೋ ದುಡ್ಡು ಬೇಕಾದಾಗ ಹೆಂಗಸರು ಹಿಟ್ಟಿನ ಹೊದಿಕೆಯೊಳಗೆ ಹಣ್ಣು ತುಂಬಿ ಒಂದೊಂದು ಪೈ ಸುಟ್ಟು, ಬಟ್ಟೆ ಮುಚ್ಚಿ ತಂದಿಡುತ್ತಾರೆ. ಯಾರದು ಯಾವುದೆಂದು ಹೇಳಬಾರದು. ಹೇಳದಿದ್ದರೂ ಎಲ್ಲರಿಗೂ ಗೊತ್ತಿರುತ್ತದೆ. ಒಂದೊಂದನ್ನೇ ಹರಾಜು ಹಾಕುತ್ತಾರೆ. ಗೆದ್ದವನು ಆ ಪೈ ಮಾಡಿದವಳ ಜೊತೆ ಕೂತು ತಿನ್ನಬೇಕು. ಹೀಗಾಗಿ ಗಂಡನಾದವನು ತನ್ನ ಹೆಂಡತಿಯ ಪೈಯನ್ನು ಬಿಟ್ಟುಕೊಡುವಂತಿಲ್ಲ, ಬಿಟ್ಟುಕೊಟ್ಟರೆ ವರ್ಷವಿಡೀ ಮಾತು ಕೇಳಬೇಕು. ಇದು ಗೊತ್ತಿರುವುದರಿಂದಲೇ ಉಳಿದ ಗಂಡಸರೆಲ್ಲ ಸೇರಿ ಬೆಲೆ ಏರಿಸಿ ಅವನನ್ನು ಸತಾಯಿಸುತ್ತಾರೆ. ಕೊಡುವವನು ದಾನಿ ಎನಿಸಿಕೊಳ್ಳುವುದಿಲ್ಲ, ಪಡೆದವರು ಹಂಗಿಗೆ ಬೀಳುವುದಿಲ್ಲ, ಊರಿನ ಕೆಲಸವೂ ಆಗುತ್ತದೆ. ನೂರು ವರ್ಷದಿಂದ ನಾವು ನಮ್ಮ ಮಾನ ಉಳಿಸಿಕೊಂಡು ಬಂದಿರುವುದು ಹೀಗೆ.

ಕಳೆದ ವರ್ಷ ಫೆಬ್ರವರಿಯ ಒಂದು ಶನಿವಾರ ಸಂಜೆ, ಶಾಲೆಯ ಊಟದ ಕೋಣೆಯಲ್ಲಿ ಮೂವತ್ತೆರಡು ಪೈಗಳು ಹರಾಜಾದವು. ಕೊನೆಗೆ ಬಂದದ್ದು ಟ್ವೈಲಾ ಪೆನ್‌ರಾಡ್ ಮಾಡಿದ ಗೂಸ್‌ಬೆರಿ ಪೈ. ಟ್ವೈಲಾ ಚಿನ್ನದಂಥ ಹೆಂಗಸು, ಆದರೆ ಅವಳ ಪೈಯನ್ನು ಚಾಕುವಿನಿಂದ ಕೊಯ್ಯಲು ಆಗುವುದಿಲ್ಲ. ಅವಳ ಗಂಡ ಆರ್ಲಿಸ್ ಟೆಲಿಫೋನ್ ಕಂಪನಿಯಲ್ಲಿ ಕಂಬ ಹತ್ತುವ ಲೈನ್‌ಮನ್. ಅವತ್ತು ಗಾಳಿಗೆ ಬಿದ್ದ ತಂತಿ ಸರಿಮಾಡಿ, ಕಂಪನಿಯ ಕೋಟು ಬಿಚ್ಚದೆ ನೇರ ಅಲ್ಲಿಗೇ ಬಂದಿದ್ದ. ದನದ ಹರಾಜು ಕೂಗುವ ವೆಂಡೆಲ್ ಬಟ್ಟೆ ಸರಿಸುತ್ತಲೇ ನೆರೆದವರೆಲ್ಲ ನಕ್ಕರು.

"ಇಪ್ಪತ್ತು ಡಾಲರ್!" ಅಂದ ಆರ್ಲಿಸ್.

"ಮೂವತ್ತು!" ಎಂದು ಹಿಂದಿನಿಂದ ಕೂಗು ಬಂತು. ನೋಡಿದರೆ ಹೋಬರ್ಟ್ ಮ್ಯಾಗರ್ಡ್. ಜೇಬಿನಲ್ಲಿ ಹತ್ತು ಡಾಲರ್ ಇತ್ತೋ ಇಲ್ಲವೋ. ಪಕ್ಕದಲ್ಲಿ ರೇಲಿನ್ ಅವರ ಮಣಿಕಟ್ಟು ಹಿಡಿದು ಕೈಯನ್ನು ಮೇಲಕ್ಕೆತ್ತುತ್ತಿದ್ದಳು. "ಅಜ್ಜ, ಕೈ ಎತ್ತು! ಅಜ್ಜ, ಇನ್ನೊಂದ್ಸಲ ಎತ್ತು!"

"ಹೋಬರ್ಟಪ್ಪ, ಕಣ್ಣು ಯಾವುದ್ರ ಮೇಲೆ? ಪೈ ಮೇಲಾ, ಆರ್ಲಿಸ್ ಹೆಂಡ್ತಿ ಮೇಲಾ?" ಎಂದ ವೆಂಡೆಲ್.

"ಪೈ ಮೇಲಂತೂ ಅಲ್ಲಪ್ಪ, ಉಳ್ದಿರೋ ನಾಲ್ಕು ಹಲ್ಲೂ ನಂಗೆ ಬೇಕು!"

"ಆರ್ಲಿಸ್, ಈಗೇನಾದ್ರೂ ಬಾಯ್ ಮುಚ್ಕೊಂಡ್ ಕೂತ್ಯೋ, ನಾಳೆಯಿಂದ ನಿಂಗೆ ಅಡುಗೆ ಇಲ್ಲ ನೋಡು!" ಎಂದು ಟ್ವೈಲಾ ಎದ್ದು ನಿಂತಳು.

"ಅದು ಶಿಕ್ಷೆ ಅಲ್ಲ ಕಣಮ್ಮ, ಬಹುಮಾನ!" ಎಂದು ಯಾರೋ ಕೂಗಿದರು.

ರೇಲಿನ್ ಅಜ್ಜನ ಕೈ ಎತ್ತುತ್ತಾ ಹೋದಳು, ಆರ್ಲಿಸ್ ಬೆವರುತ್ತಾ ಏರಿಸುತ್ತಾ ಹೋದ. ನೂರಾ ನಲವತ್ತಕ್ಕೆ ಪೈ ಅವನದಾಯಿತು. ಪತ್ರಿಕೆಯ ಹುಡುಗಿ ಫೋಟೋ ತೆಗೆದಳು: ಕಂಪನಿಯ ಕೋಟಿನಲ್ಲಿ ಆರ್ಲಿಸ್, ಕೈಯಲ್ಲಿ ಪೈ, ಪಕ್ಕದಲ್ಲಿ ಹಲ್ಲು ಕಿರಿಯುತ್ತಿರುವ ನಾನು. ಗುರುವಾರದ ಸಂಚಿಕೆಯಲ್ಲಿ ಅದರ ಕೆಳಗೆ ಹೀಗೆ ಅಚ್ಚಾಯಿತು: 'ಗ್ರಂಥಾಲಯಕ್ಕೆ ಟೆಲಿಫೋನ್ ಕಂಪನಿಯ ಆರ್ಲಿಸ್‌ನಿಂದ ಭರ್ಜರಿ ಕೊಡುಗೆ.'

ಈಗ ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಿಮ್ಮ ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ರಿಯಾಯಿತಿ ಕಳೆದು ಉಳಿದ ನಿಮ್ಮ ಪಾಲಿನ ಹಣವನ್ನು ಹೇಗೆ ಹೊಂದಿಸುವಿರಿ? ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಆ ಪ್ರಶ್ನೆಗೆ ಎದೆಯುಬ್ಬಿಸಿ ಉತ್ತರಿಸುವ ಅವಕಾಶ ನನಗೆ ಸಿಕ್ಕಿತ್ತು. 'ನಮ್ಮ ಊರಿನವರೇ ಹೊಂದಿಸಿದ್ದಾರೆ' ಎಂದು ಬರೆದು, ಸಾಕ್ಷಿಗಾಗಿ ಆ ಪತ್ರಿಕೆಯ ತುಣುಕನ್ನು ಕತ್ತರಿಸಿ ಅರ್ಜಿಗೆ ಲಗತ್ತಿಸಿದೆ. ಯಾರೂ ಕೇಳಿರಲಿಲ್ಲ. ನಾವು ಬೇಡುವವರಲ್ಲ ಎಂದು ನಿಮಗೆ ತೋರಿಸಬೇಕೆಂಬ ನನ್ನ ಹಳದಿ ಚೀಟಿಯ ಹೆಮ್ಮೆ ಅದನ್ನು ಮಾಡಿಸಿತು. ಅಂತರ್ಜಾಲ ಯಾರು ಒದಗಿಸಬೇಕೆಂಬ ಟೆಂಡರ್ ಪೈ ಸಪ್ಪರಿನ ದಿನ ಇನ್ನೂ ತೆರೆದಿತ್ತು, ಆರ್ಲಿಸ್‌ನ ಕಂಪನಿಯೂ ಟೆಂಡರ್ ಹಾಕಿತ್ತು, ಕೊನೆಗೆ ಕಡಿಮೆ ದರದ್ದೆಂದು ಅದಕ್ಕೇ ಹೋಯಿತು. ನನ್ನ ತಲೆಗೆ ಅದು ಹೊಳೆಯಲೇ ಇಲ್ಲ.

ನಿಮಗೆ ಹೊಳೆಯಿತು. ಆಗಸ್ಟಿನಲ್ಲಿ ಆದೇಶ ಬಂತು: 'ಟೆಂಡರ್ ಅವಧಿಯಲ್ಲಿ ಸೇವಾದಾರರಿಂದ ಉಡುಗೊರೆ ಸ್ವೀಕರಿಸಿರುವುದು ಅರ್ಜಿದಾರರೇ ಒದಗಿಸಿದ ದಾಖಲೆಯಿಂದ ದೃಢಪಟ್ಟಿರುವುದರಿಂದ ರಿಯಾಯಿತಿಯನ್ನು ಸಂಪೂರ್ಣವಾಗಿ ನಿರಾಕರಿಸಲಾಗಿದೆ.' ಜೊತೆಗೆ ಇನ್ನೊಂದು ಹಾಳೆ. ಸದರಿ ಪೈಯ ನ್ಯಾಯಯುತ ಮಾರುಕಟ್ಟೆ ಬೆಲೆ ಎಷ್ಟೆಂದು ಪುರಾವೆ ಸಮೇತ ತಿಳಿಸತಕ್ಕದ್ದು! ಪೈಗೆ ಪೈ ಲೆಕ್ಕ ಕೇಳಿದ್ದೀರಿ, ಸಂತೋಷ. ಸತ್ಯವನ್ನೇ ಹೇಳಬೇಕೆಂದರೆ, ಟ್ವೈಲಾಳ ಪೈಗೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ತಿನ್ನುವವನಿಗೆ ನಾವೇ ಏನಾದರೂ ಕೊಡಬೇಕಾದೀತು. ಇದನ್ನು ಟ್ವೈಲಾಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ನಿಮ್ಮ ನಿಯಮ ಏಕೆ ಬಂತೆಂದು ನನಗೆ ಗೊತ್ತು. ದೊಡ್ಡ ಕಂಪನಿಗಳು ಶಾಲೆಯ ಮುಖ್ಯಸ್ಥರನ್ನು ಪಂದ್ಯಗಳಿಗೆ, ಭೋಜನಗಳಿಗೆ ಕರೆದೊಯ್ದು ಟೆಂಡರ್ ಹೊಡೆದುಕೊಳ್ಳುವುದುಂಟು. ಅಂಥವರನ್ನು ಹಿಡಿಯಿರಿ, ನಾನೇ ಬಂದು ದೀಪ ಹಿಡಿಯುತ್ತೇನೆ. ಆದರೆ ಆರ್ಲಿಸ್ ಕೊಟ್ಟದ್ದು ತನ್ನ ಸ್ವಂತ ದುಡ್ಡು. ಕೊಟ್ಟದ್ದು ಹೆಂಡತಿಯ ಭಯಕ್ಕೆ. ಅವನ ಕಂಪನಿಯ ಯಜಮಾನರಿಗೆ ಆ ಪೈ ಹುಟ್ಟಿದ್ದೂ ಗೊತ್ತಿಲ್ಲ, ಸತ್ತಿದ್ದೂ ಗೊತ್ತಿಲ್ಲ. ಎತ್ತು ಈಯಿತೆಂದು ಪತ್ರಿಕೆಯ ಹುಡುಗಿ ಬರೆದರೆ ನೀವು ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕಿದಿರಿ. ಒಂದು ದೂರವಾಣಿ ಕರೆ ಮಾಡಿ ಕೇಳಬಾರದಿತ್ತೇ? ಯಾರ ಹಂಗೂ ಬೇಡವೆಂದು ಊಟದ ಫಾರ್ಮಿಗೆ ರುಜು ಹಾಕದ ಊರನ್ನು ಉಡುಗೊರೆ ತಿಂದ ಊರೆಂದು ಬರೆಯುವಾಗ ನಿಮ್ಮ ಪೆನ್ನು ಒಂದು ಗಳಿಗೆಯಾದರೂ ತಡೆಯಲಿಲ್ಲವೇ?

ಆದೇಶ ಬಂದ ವಾರ ಆರ್ಲಿಸ್ ಟೋಪಿಯನ್ನು ಕೈಯಲ್ಲಿ ಹಿಡಿದು ನನ್ನ ಮೇಜಿನ ಮುಂದೆ ನಿಂತಿದ್ದ. ಆರು ಅಡಿ ಎರಡು ಅಂಗುಲದ ಆಳು. ನಾನೇ ಅವನಿಗೆ ಓದು ಕಲಿಸಿದವಳು. "ಮಿಸ್ ಓಲೀಟಾ, ಆ ದುಡ್ಡು ನಂಗೆ ವಾಪಸ್ ಕೊಟ್ಬಿಡಿ. ಇಲ್ಲ ನಾನೇ ಕೆಲ್ಸ ಬಿಡ್ತೀನಿ. ಏನ್ ಮಾಡಿದ್ರೆ ಸರಿಹೋಗುತ್ತೆ ಹೇಳಿ" ಎಂದ. ಏನು ಮಾಡಿದರೂ ಸರಿಹೋಗುವುದಿಲ್ಲ ಎಂದೆ. ಅಂದು ಹೇಳಿದ್ದು ಹಾಗೇ ನಿಜವಾಯಿತು.

ಸೆಪ್ಟೆಂಬರಿನಿಂದ ನಾವು ನಮಗೆ ಕೈಗೆಟುಕುವ ಅತಿ ನಿಧಾನದ ಸಂಪರ್ಕಕ್ಕೆ ಇಳಿದಿದ್ದೇವೆ. ಮೊದಲಿನದರ ಹತ್ತರಲ್ಲಿ ಒಂದು ಪಾಲು. ಅಕ್ಷರ ಬರುತ್ತದೆ, ಚಿತ್ರ ತೆವಳುತ್ತದೆ, ಮುಖ ನಿಂತುಬಿಡುತ್ತದೆ. ಮಕ್ಕಳು ಗೊಣಗಿದರು, ದೊಡ್ಡವರು ಕಾಯುವುದನ್ನು ರೂಢಿಮಾಡಿಕೊಂಡರು. ಇಷ್ಟೇ ಆಗಿದ್ದರೆ ನಾನೂ ನಾಲ್ಕು ಪತ್ರ ಬರೆದು ಸುಮ್ಮನಾಗುತ್ತಿದ್ದೆ.

ಈ ಫೆಬ್ರವರಿಯಲ್ಲಿ ರೇಲಿನ್‌ಳ ಪಾಲನಾಧಿಕಾರದ ವಿಚಾರಣೆ ಇತ್ತು. ಅವಳು ಅಜ್ಜನ ಮಗುವೆಂದು ಊರಿಗೆಲ್ಲ ಗೊತ್ತು, ಕಾಗದಕ್ಕೆ ಗೊತ್ತಿರಲಿಲ್ಲ. ಅದನ್ನು ಕಾಗದಕ್ಕೂ ತಿಳಿಸಲೆಂದೇ ಹೋಬರ್ಟ್ ಅರ್ಜಿ ಹಾಕಿದ್ದರು. ನಮ್ಮ ನ್ಯಾಯಾಧೀಶರು ಮೂರು ಕೌಂಟಿಗೆ ಒಬ್ಬರೇ. ರಸ್ತೆಗಳು ಹಿಮಗಟ್ಟಿದ್ದರಿಂದ ವಿಡಿಯೊ ಮೂಲಕವೇ ಹಾಜರಾಗಿರೆಂದು ನ್ಯಾಯಾಲಯ ತಿಳಿಸಿತ್ತು. ಹೋಬರ್ಟ್, ಸಾವಿನ ಮನೆಗಳಿಗೆ ಹೋಗಲೆಂದು ಇಟ್ಟುಕೊಂಡ ಒಂದೇ ಕೋಟು ಹಾಕಿಕೊಂಡು, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು, ಒಂದು ಗಂಟೆ ಮೊದಲೇ ಬಂದು ಕೂತರು. ನಾನು ಉಳಿದ ಐದು ಕಂಪ್ಯೂಟರನ್ನೂ ಆರಿಸಿದೆ. ಹತ್ತು ಗಂಟೆಗೆ ನ್ಯಾಯಾಧೀಶರ ಮುಖ ಬಂತು, ಅರ್ಧ ನಿಮಿಷ ಚೆನ್ನಾಗಿತ್ತು, ಆಮೇಲೆ ಬಾಯಿ ತೆರೆದಂತೆಯೇ ನಿಂತುಹೋಯಿತು. ಧ್ವನಿ ಮಾತ್ರ ತುಂಡುತುಂಡಾಗಿ ಬಂತು: 'ಶ್ರೀ ಮ್ಯಾಗರ್ಡ್, ಇದ್ದೀರಾ?'

"ಇದ್ದೀನಿ ಸ್ವಾಮಿ."

'ಶ್ರೀ ಮ್ಯಾಗರ್ಡ್?'

"ಇಲ್ಲೇ ಇದ್ದೀನಿ ಸ್ವಾಮಿ! ಇಲ್ಲೇ ಇದ್ದೀನಿ!" ಅವರು ಎದ್ದು ನಿಂತು ಪರದೆಗೆ ಕೂಗುತ್ತಿದ್ದರು. ನಾನು ಇನ್ನೊಂದು ಮೂಲೆಯಲ್ಲಿ ನ್ಯಾಯಾಲಯದ ಗುಮಾಸ್ತರಿಗೆ ಫೋನು ಮಾಡುತ್ತಿದ್ದೆ, ಲೈನು ಬಿಡುವಿರಲಿಲ್ಲ. ಬಿಡುವಾಗಿ ಅವರು ಎತ್ತುವ ಹೊತ್ತಿಗೆ ಏಳು ನಿಮಿಷದ ವಿಚಾರಣೆ ಮುಗಿದು ಆದೇಶವೂ ಆಗಿಹೋಗಿತ್ತು.

'ಅರ್ಜಿದಾರರು ಹಾಜರಾಗಲಿಲ್ಲ' ಎಂದು ಆದೇಶದಲ್ಲಿ ಬರೆದಿದೆ. ಹುಟ್ಟಿದಾಗಿನಿಂದ ಎಲ್ಲಿಗೂ ತಡವಾಗಿ ಹೋಗದ ಮನುಷ್ಯನ ಬಗ್ಗೆ ಬರೆದ ಮಾತು ಇದು. ಮುಂದಿನ ವಿಚಾರಣೆಯವರೆಗೆ ಮಗುವನ್ನು ಎಂಬತ್ತು ಮೈಲಿ ಆಚೆಯ ಒಂದು ಆಶ್ರಯ ಕುಟುಂಬಕ್ಕೆ ಒಪ್ಪಿಸಬೇಕೆಂದು ಮಕ್ಕಳ ಇಲಾಖೆ ಕೇಳಿತು. ಬೇಡವೆನ್ನಬೇಕಾದವರ ದನಿ ಅಲ್ಲಿ ಕೇಳಿಸುತ್ತಿರಲಿಲ್ಲವಾದ್ದರಿಂದ ನ್ಯಾಯಾಲಯ ಒಪ್ಪಿತು. ಶುಕ್ರವಾರ ಬಂದು ಕರೆದೊಯ್ದರು. ರೇಲಿನ್ ಗುಹೆಗಳ ಪುಸ್ತಕವನ್ನು ಜೊತೆಗೆ ಒಯ್ದಿದ್ದಾಳೆ. ಅದರ ಅವಧಿ ಮುಗಿದಾಗಲೆಲ್ಲ ನಾನು ಇಲ್ಲಿಂದಲೇ ಮುಂದುವರಿಸುತ್ತಿದ್ದೇನೆ. ಇದೂ ನಿಯಮದ ಉಲ್ಲಂಘನೆಯಾದರೆ ಕಡತಕ್ಕೆ ಸೇರಿಸಿಕೊಳ್ಳಿ.

ವಿಚಾರಣೆ ಮೇ ತಿಂಗಳ ಮೂರನೆಯ ಸೋಮವಾರಕ್ಕೆ ಮುಂದೆ ಹೋಗಿದೆ. ಅಂದು ಹೋಬರ್ಟ್‌ರನ್ನು ನಾನೇ ನನ್ನ ಕಾರಿನಲ್ಲಿ ನ್ಯಾಯಾಲಯದ ಬಾಗಿಲಿಗೆ ಮುಟ್ಟಿಸುತ್ತೇನೆ; ಅದಕ್ಕೆ ನಿಮ್ಮ ಸಹಾಯ ಬೇಡ. ಬೇಕಾಗಿರುವುದು ಗುರುವಾರಗಳಿಗೆ. ಅಲ್ಲಿಯವರೆಗೆ ಅಜ್ಜ ಮೊಮ್ಮಗಳು ಪ್ರತಿ ಗುರುವಾರ ನಾಲ್ಕು ಗಂಟೆಗೆ ಅರ್ಧ ಗಂಟೆ ಮಾತಾಡಬಹುದು, ವಿಡಿಯೊ ಮೂಲಕ ಮಾತ್ರ. ನ್ಯಾಯಾಲಯ ಒಪ್ಪಿದ ಜಾಗ ನಮ್ಮ ಗ್ರಂಥಾಲಯ ಒಂದೇ. ಇಲಾಖೆಯವರೊಬ್ಬರು ಆ ಕಡೆ ಕೂತು ಇಬ್ಬರ ಸಂಬಂಧ ಹೇಗಿದೆಯೆಂದು ಟಿಪ್ಪಣಿ ಬರೆಯುತ್ತಾರೆ. ಮೇ ತಿಂಗಳಲ್ಲಿ ನ್ಯಾಯಾಧೀಶರು ಓದುವುದು ಆ ಟಿಪ್ಪಣಿಯನ್ನು.

ಮೊದಲ ಗುರುವಾರ ನಾನು ಹೋಬರ್ಟ್‌ರ ಹಿಂದೆ ನಿಂತಿದ್ದೆ. ರೇಲಿನ್‌ಳ ಮುಖ ಬಂತು, ಪುಸ್ತಕ ಎತ್ತಿ ತೋರಿಸಿದಳು. ಆಮೇಲೆ ನಮ್ಮ ಕಡೆಯ ಚಿತ್ರ ಅಲ್ಲಿ ನಿಂತುಹೋಗಿರಬೇಕು. ಅವಳು ಪರದೆಯ ಹತ್ತಿರ ಬಂದು ನೋಡಿದಳು.

"ಅಜ್ಜ? ಅಜ್ಜ, ಕೇಳಿಸ್ತಿದ್ಯಾ? ಕೇಳಿಸಿದ್ರೆ ಕೈ ಎತ್ತು."

ಹೋಬರ್ಟ್ ಕೈ ಎತ್ತಿದರು.

"ಅಜ್ಜ, ಕೈ ಎತ್ತು ಅಂದ್ನಲ್ಲ!"

ಅವರು ಎರಡೂ ಕೈ ಎತ್ತಿದರು. ಎತ್ತಿ ಹಾಗೇ ಹಿಡಿದುಕೊಂಡು ನಿಂತರು. ಹುಡುಗಿ ಪಕ್ಕಕ್ಕೆ ತಿರುಗಿ, ಕಾಣದ ಯಾರಿಗೋ "ಅಜ್ಜ ಫೋಟೋ ಆಗ್ಬಿಟ್ಟಿದ್ದಾನೆ" ಎಂದಳು. ಅದಷ್ಟು ಮಾತ್ರ ನಮಗೆ ಸ್ಪಷ್ಟವಾಗಿ ಕೇಳಿಸಿತು. ಮಾನ್ಯರೇ, ನಾನು ಅಳುವ ಜಾತಿಯವಳಲ್ಲ. ಅಂದು ಪುಸ್ತಕದ ಕಪಾಟುಗಳ ಹಿಂದೆ ಹೋಗಿ ಅತ್ತೆ.

ಈವರೆಗೆ ಏಳು ಗುರುವಾರ ಹೀಗೆ ಹೋಗಿವೆ. ಗುರುವಾರ ನಾಲ್ಕಾಗುತ್ತಲೇ ಊರಿನವರೆಲ್ಲ ತಾವಾಗಿ ಕಂಪ್ಯೂಟರ್ ಆರಿಸಿ ಎದ್ದು ಹೊರಗೆ ಹೋಗುತ್ತಾರೆ. ಆದರೂ ಆ ಸಂಪರ್ಕಕ್ಕಿರುವ ತ್ರಾಣ ಅಷ್ಟೇ. ಇಲಾಖೆಯ ಟಿಪ್ಪಣಿಯ ಪ್ರತಿ ಮೊನ್ನೆ ಹೋಬರ್ಟ್‌ರಿಗೆ ಬಂತು, ಓದಿ ಹೇಳೆಂದು ನನ್ನ ಬಳಿ ತಂದರು. 'ಮಗುವಿನ ಮಾತಿಗೆ ಅಜ್ಜ ಬಹುತೇಕ ಪ್ರತಿಕ್ರಿಯಿಸುವುದಿಲ್ಲ. ಮಗು ಇತ್ತೀಚೆಗೆ ಭೇಟಿಗೆ ಕೂರಲು ಆಸಕ್ತಿ ತೋರಿಸುತ್ತಿಲ್ಲ.' ಓದಿ ಹೇಳಿದೆ. ಬೇರೇನಾದರೂ ಹೇಳಬಹುದಿತ್ತು ಎಂದು ಈಗ ಅನ್ನಿಸುತ್ತದೆ.

ನೀವು ಕೇಳಬಹುದು: ಕಂಪನಿಯವರು ಅರ್ಧ ಗಂಟೆ ವೇಗ ಹೆಚ್ಚಿಸಿಕೊಟ್ಟರೆ ಆಗದೇ? ಆರ್ಲಿಸ್ ಅದನ್ನೇ ಹೇಳಿದ. "ಗುರುವಾರ ಅರ್ಧ ಗಂಟೆ ಲೈನ್ ಜಾಸ್ತಿ ಬಿಡ್ತೀನಿ ಮಿಸ್ ಓಲೀಟಾ, ಯಾರಿಗೂ ಗೊತ್ತಾಗಲ್ಲ." ಬೇಡವೆಂದೆ. ಏಕೆಂದರೆ ಅದು ಸೇವಾದಾರರಿಂದ ಉಡುಗೊರೆ. ನಿಜವಾದ ಉಡುಗೊರೆ! ನಿಮ್ಮ ಪರಿಶೀಲನೆಯಲ್ಲಿರುವ ಮೇಲ್ಮನವಿಯನ್ನು ಅದು ಮಣ್ಣುಪಾಲು ಮಾಡುತ್ತದೆ. ನಿಯಮ ಮುರಿದವಳೆಂದು ನೀವು ಶಿಕ್ಷಿಸಿದವಳು ನಿಮ್ಮ ನಿಯಮವನ್ನು ಪಾಲಿಸಲೆಂದು ಒಂದು ಮಗುವಿನ ಮುಖವನ್ನು ಅದರ ಅಜ್ಜನಿಂದ ತಪ್ಪಿಸುತ್ತಿದ್ದಾಳೆ. ನಾನು ಮಾಡಿದ್ದು ಸರಿಯೇ ತಪ್ಪೇ ನನಗೆ ಗೊತ್ತಾಗುತ್ತಿಲ್ಲ. ನಿಮಗೆ ಗೊತ್ತಿದ್ದರೆ ತಿಳಿಸಿ.

ಕಳೆದ ಮಂಗಳವಾರ ಹೋಬರ್ಟ್ ಬಂದು ನನ್ನ ಮೇಜಿನ ಮುಂದೆ ನಿಂತರು. ಕೂರಿ ಎಂದರೆ ಕೂರಲಿಲ್ಲ.

"ಆ ಊಟದ ಕಾಗ್ದ ಇದ್ಯಾ ಓಲೀಟಾ? ಕೊಡು, ರುಜು ಹಾಕ್ತೀನಿ."

"ಯಾಕೆ ಈಗ..."

"ಅವತ್ತೇ ಹಾಕಿದ್ರೆ ಪೈ ಸಪ್ಪರ್ ಬೇಕಾಗ್ತಿರ್ಲಿಲ್ಲ. ಆರ್ಲಿಸ್‌ನ ಏರಿಸ್ತಾ ಹೋದವ್ನು ನಾ ತಾನೆ? ಎಲ್ಲಾ ನನ್ನಿಂದ್ಲೇ. ನಂಗೆ ಕೈಲಾಗಲ್ಲ ಅಂತ ಬರ್ಕೋ, ಏನ್ ಬೇಕಾದ್ರೂ ಬರ್ಕೋ. ಎಲ್ಲಿ ಹಾಕ್ಬೇಕು ತೋರ್ಸು."

ನಾನು ಜಾಗ ತೋರಿಸಿದೆ. ಪೊರೆ ಬಂದ ಕಣ್ಣಿನಿಂದ ಗೆರೆ ಹುಡುಕಿ, ಬೆರಳಿಟ್ಟುಕೊಂಡು, ಮಿಲ್ಲಿನ ಸಂಬಳದ ಪುಸ್ತಕಕ್ಕೆ ಹಾಕುತ್ತಿದ್ದ ಹಾಗೆ ಪೂರಾ ಹೆಸರು ಬರೆದರು. ಎಪ್ಪತ್ತೊಂದು ವರ್ಷ ಕಾಪಾಡಿಕೊಂಡು ಬಂದದ್ದನ್ನು ಆ ಗೆರೆಯ ಮೇಲೆ ಇಟ್ಟರು. ಆ ಫಾರ್ಮನ್ನು ನಮ್ಮ ಶಾಲೆ ತೆಗೆದುಕೊಳ್ಳಲಾರದು, ಏಕೆಂದರೆ ರೇಲಿನ್ ಈಗ ನಮ್ಮ ಶಾಲೆಯ ಮಗುವಲ್ಲ. ರುಜು ಬಿದ್ದಿದೆ, ಊಟ ಮಾಡಬೇಕಾದ ಮಗು ಇಲ್ಲ. ಅದು ನನ್ನ ಮೇಜಿನ ಸೆಳೆಖಾನೆಯಲ್ಲಿದೆ. ಹೋಬರ್ಟ್‌ರಿಗೆ ಇನ್ನೂ ಹೇಳಿಲ್ಲ. ವಾರಪತ್ರಿಕೆಯಲ್ಲಿ ಓದಲು ಅವರ ಕಣ್ಣಿಗೆ ಆಗುವುದಿಲ್ಲ, ಊರಿನವರು ಯಾರೂ ಓದಿ ಹೇಳುವುದಿಲ್ಲ ಎಂಬ ನಂಬಿಕೆಯಿಂದ ಇಲ್ಲಿ ಬರೆದಿದ್ದೇನೆ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಬಡತನವನ್ನು ಅದನ್ನು ಒಪ್ಪಿಕೊಂಡವರ ರುಜುವಿನಿಂದ ಅಳೆಯುವ ಆ ಸೇರನ್ನು ಬದಲಿಸಿ ಎಂದು ಕೇಳಬೇಕೆಂದಿದ್ದೆ. ಅದಕ್ಕೆ ನಿಮಗೆ ವರ್ಷಗಳು ಬೇಕಾದಾವು, ತೆಗೆದುಕೊಳ್ಳಿ. ನಾನು ಕೊಟ್ಟ ಆ ಪತ್ರಿಕೆಯ ತುಣುಕಿಗಾಗಿ ಯಾರನ್ನಾದರೂ ಶಿಕ್ಷಿಸಲೇಬೇಕಿದ್ದರೆ ನನ್ನನ್ನು ಶಿಕ್ಷಿಸಿ. ಗ್ರಂಥಪಾಲಕಿಯ ಕೆಲಸವನ್ನು ಬೇಕಾದರೂ ಬಿಡುತ್ತೇನೆ, ರಾಜೀನಾಮೆ ಬರೆದಿಟ್ಟಿದ್ದೇನೆ. ಆದರೆ ಮೇಲ್ಮನವಿಯನ್ನು ಈ ವಾರವೇ ತೀರ್ಮಾನಿಸಿ. ವಿಚಾರಣೆಗೆ ಮೊದಲು ಇನ್ನು ಆರು ಗುರುವಾರಗಳಿವೆ. ಈ ಪತ್ರ ಅಚ್ಚಾಗುವ ದಿನವೇ ಮೊದಲನೆಯದು, ಅದು ಹೇಗೂ ಹೋಯಿತು. ಉಳಿದ ಐದರಲ್ಲಿ ನಾಲ್ಕು ಗಂಟೆಗೆ ರೇಲಿನ್ "ಅಜ್ಜ, ಕೈ ಎತ್ತು" ಎಂದಾಗ, ಅಜ್ಜ ಎತ್ತಿದ ಕೈ ಅವಳಿಗೆ ಕಾಣಬೇಕು. ನಾವು ಕೇಳುತ್ತಿರುವುದು ಅಷ್ಟು ಸಂಪರ್ಕವನ್ನು ಮಾತ್ರ.

ಇಂತಿ,
ಹಳದಿ ಚೀಟಿಯಲ್ಲಿ ಉಂಡು ಬೆಳೆದು, ಈಗ ತಮ್ಮ ಕಡತದಲ್ಲಿ 'ಉಡುಗೊರೆ ಪಡೆದವರು' ಎಂದು ದಾಖಲಾಗಿರುವ,
ಆ ಪೈಯ ಒಂದು ಚೂರನ್ನೂ ತಿನ್ನದ,
ಓಲೀಟಾ ಕ್ರ್ಯಾಬ್‌ಟ್ರೀ
ಗ್ರಂಥಪಾಲಕಿ, ಸೀಡರ್ ಲಿಕ್